ಋತುನಿವೃತ್ತಿಯ ಝಳ: ಬೇರುನಾರುಗಳ ಗುಣಾವಗುಣ

ಬಿಸಿಲಿಗೆ, ಬೆಂಕಿಗೆ, ಜ್ವರಕ್ಕೆ, ಕೋಪಕ್ಕೆ ಸಂಬಂಧಿಸಿದಂತೆ ಕನ್ನಡದಲ್ಲಿ ಎಷ್ಟೋ ಮಾತುಗಳಿವೆ. ಆದರೆ ಹೆಣ್ಣಿನ ಬದುಕಿನಲ್ಲಿ ನಲವತ್ತೈದು ಐವತ್ತರ ನಡುವೆ ಹೇಳದೆ ಕೇಳದೆ ಬಂದು ಹೋಗುವ ಒಂದು ಬಿಸಿಗೆ ಎಲ್ಲರೂ ಒಪ್ಪಿದ ಹೆಸರು ನಮ್ಮಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಅದನ್ನು ಹಾಟ್ ಫ್ಲಶ್ ಎನ್ನುತ್ತಾರೆ. ಚಿಕಿತ್ಸೆಗೆಂದು ನನ್ನ ಬಳಿಗೆ ಬರುವ ಹೆಂಗಸರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅದನ್ನು ವರ್ಣಿಸುತ್ತಾರೆ. ಎದೆಯೊಳಗಿಂದ ಹಬೆ ಎದ್ದಂತೆ ಎನ್ನುವವರಿದ್ದಾರೆ. ಒಲೆಯ ಬಾಯಿಗೆ ಮುಖ ಒಡ್ಡಿದಂತೆ ಎನ್ನುವವರಿದ್ದಾರೆ. 'ಮೈಯೆಲ್ಲಾ ಉರಿ ಉರಿ ಆಗ್ತದ್ರಿ' ಎಂದಷ್ಟೇ ಹೇಳಿ ಸೆರಗಿನಿಂದ ಗಾಳಿ ಬೀಸಿಕೊಳ್ಳುವವರೂ ಇದ್ದಾರೆ. ಈ ಭಾಷಣದ ಮಟ್ಟಿಗೆ ನಾನು ಅದನ್ನು 'ಝಳ' ಎಂದು ಕರೆಯುತ್ತೇನೆ. ಹೆಸರಿಲ್ಲದ ತೊಂದರೆಯನ್ನು ವೈದ್ಯರ ಮುಂದೆ ಹೇಳಿಕೊಳ್ಳುವುದು ಕಷ್ಟ. ಔಷಧಿ ಅಂಗಡಿಯ ಪೊಟ್ಟಣದ ಮೇಲಾದರೋ ಅದರ ವರ್ಣನೆ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಅದರಿಂದಾಗಿಯೇ ಅನೇಕ ಮನೆಗಳಲ್ಲಿ ವೈದ್ಯರ ಸಲಹೆಗಿಂತ ಮೊದಲು ಪೊಟ್ಟಣ ಬಂದು ಕುಳಿತಿರುತ್ತದೆ. ಆ ಪೊಟ್ಟಣಗಳೊಳಗಿನ ಬೇರುನಾರುಗಳ ಬಗೆಗೆ ತಮ್ಮೊಡನೆ ನಾಲ್ಕು ಮಾತನಾಡುವುದು ನನ್ನ ಉದ್ದೇಶ.

ಮೊದಲು ಝಳದ ಸ್ವರೂಪವನ್ನು ನೋಡೋಣ. ಮುಟ್ಟು ನಿಂತು ಹನ್ನೆರಡು ತಿಂಗಳು ತುಂಬಿದ ಮೇಲೆಯೇ ಋತುನಿವೃತ್ತಿಯಾಯಿತೆಂದು ನಿರ್ಧರಿಸುವುದು ವೈದ್ಯಶಾಸ್ತ್ರದ ಪದ್ಧತಿ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೆಯ ವಯಸ್ಸಿನಲ್ಲಿ ಆಗುತ್ತದೆ. ನಮ್ಮ ದೇಶದಲ್ಲಿ 46–47ರ ಸುಮಾರಿಗೆ. ಸುಶ್ರುತ ಸಂಹಿತೆ ಹನ್ನೆರಡರಿಂದ ಐವತ್ತರ ವರೆಗೆ ಋತುಕಾಲವೆಂದು ಹೇಳುತ್ತದೆ. ಈ ಕಾಲದ ಎರಡು ಮಗ್ಗುಲಲ್ಲೂ ಝಳ ಕಾಣಿಸಿಕೊಳ್ಳುತ್ತದೆ. ಎದೆಯಲ್ಲಿ ಹುಟ್ಟಿ ಕುತ್ತಿಗೆ, ಕೆನ್ನೆ, ಕಿವಿಗಳಿಗೆ ಏರಿ, ಕೆಲವು ನಿಮಿಷ ಕಾಡಿ, ಬೆವರನ್ನು ಹರಿಸಿ ಇಳಿಯುತ್ತದೆ. ಇಳಿದ ಮೇಲೆ ಹಲವರಿಗೆ ಚಳಿ ಹಿಡಿಯುತ್ತದೆ. ಹಗಲಿನಲ್ಲಿ ಬಂದರೆ ಮುಜುಗರ, ಇರುಳಿನಲ್ಲಿ ಬಂದರೆ ನಿದ್ರಾಭಂಗ. ತಿಂಗಳುಗಟ್ಟಲೆ ನಿದ್ದೆ ಕೆಟ್ಟ ಹೆಣ್ಣುಮಗಳನ್ನು ಮನೆಯವರು 'ಈಚೆಗೆ ಸಿಡಿಮಿಡಿ ಜಾಸ್ತಿಯಾಗಿದೆ' ಎಂದು ದೂರುವುದುಂಟು. ಅಮೆರಿಕದಲ್ಲಿ ಸಾವಿರಾರು ಸ್ತ್ರೀಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಒಂದು ಅಧ್ಯಯನದಲ್ಲಿ, ಪದೇ ಪದೇ ಝಳ ಬರುವವರಲ್ಲಿ ಅದು ಉಳಿಯುವ ಮಧ್ಯಮ ಅವಧಿ ಏಳು ವರ್ಷಕ್ಕೂ ಮೇಲೆಂದು 2015ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗಂತೂ ಝಳ ಮೆಲ್ಲಗೆ ಬರುವುದಿಲ್ಲ. ಮೂವತ್ತೆಂಟು ನಲವತ್ತರ ವಯಸ್ಸಿನಲ್ಲಿಯೇ ಒಮ್ಮೆಲೇ ಎರಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ.

ಈ ಬಿಸಿಗೆ ನಮ್ಮ ಮನೆಗಳಲ್ಲಿ ಸಿದ್ಧವಾದ ಒಂದು ವಿವರಣೆ ಇದೆ: 'ಮೈಗೆ ಉಷ್ಣವಾಗಿದೆ.' ಉಷ್ಣವಾದರೆ ತಂಪು ಮಾಡಬೇಕು. ಆದ್ದರಿಂದ ಎಳನೀರು, ಮಜ್ಜಿಗೆ, ಲಾವಂಚದ ನೀರು, ಸೊಗದೇ ಬೇರಿನ ಷರಬತ್ತು, ಕಾಮಕಸ್ತೂರಿ ಬೀಜ, ನೆನೆಸಿದ ಮೆಂತ್ಯ, ತಲೆಗೆ ಹರಳೆಣ್ಣೆ. ತರ್ಕ ಅಚ್ಚುಕಟ್ಟಾಗಿದೆ. ಆದರೆ ದೇಹದೊಳಗೆ ನಡೆಯುವ ಸಂಗತಿ ಬೇರೆ. ಝಳ ಬಂದಾಗ ದೇಹ ಅತಿಯಾಗಿ ಕಾದಿರುವುದಿಲ್ಲ. ಕಾದಿದೆಯೆಂದು ಮಿದುಳು ತಪ್ಪು ತಿಳಿದಿರುತ್ತದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಮೈಯ ಶಾಖವನ್ನು ಒಂದು ಮಿತಿಯೊಳಗೆ ಕಾಯುತ್ತದೆ. ಶಾಖ ಮೇಲಿನ ಗೆರೆಯನ್ನು ದಾಟಿದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ; ಕೆಳಗಿನ ಗೆರೆಯನ್ನು ದಾಟಿದರೆ ನಡುಕ ಹುಟ್ಟಿಸುತ್ತದೆ. ಈ ಎರಡು ಗೆರೆಗಳ ನಡುವಣ ಅಂತರ ಸಾಮಾನ್ಯವಾಗಿ ನೆಮ್ಮದಿಯಾಗಿರುವಷ್ಟು ಅಗಲವಾಗಿರುತ್ತದೆ. ಅಂಡಾಶಯಗಳಿಂದ ಬರುವ ಈಸ್ಟ್ರೊಜೆನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಹತೋಟಿ ತಪ್ಪಿ ಚುರುಕಾಗುತ್ತವೆ. ಆ ಅಂತರ ಕಿರಿದಾಗಿಬಿಡುತ್ತದೆ. ಆಗ ಒಂದು ಲೋಟ ಬಿಸಿ ಕಾಫಿ, ಒಂದು ಸಣ್ಣ ಜಗಳ, ಒಂದು ದಪ್ಪ ಕಂಬಳಿ ಸಾಕು. ದೇಹ ಇಲ್ಲದ ಬೇಗೆಯನ್ನು ಹೊರದೂಡಲು ಹೆಣಗುತ್ತದೆ. ಝಳವೆಂಬುದು ಈ ಹೆಣಗಾಟವೇ. ಅದು ಮುಗಿದ ಮೇಲೆ ಚಳಿಯಾಗುವುದೇಕೆಂಬುದೂ ಇದರಿಂದ ತಿಳಿಯುತ್ತದೆ: ಇಟ್ಟುಕೊಳ್ಳಬೇಕಾದ ಶಾಖವನ್ನು ದೇಹ ಚೆಲ್ಲಿಬಿಟ್ಟಿರುತ್ತದೆ.

ಹಾಗಾದರೆ ಎಳನೀರು, ಮಜ್ಜಿಗೆ ವ್ಯರ್ಥವೇ? ಖಂಡಿತ ವ್ಯರ್ಥವಲ್ಲ. ಬೆವರಿ ಬಳಲಿದವರಿಗೆ ನೀರು ಬೇಕು, ತಂಪಾದದ್ದು ಹಿತ. ಮೂತ್ರಪಿಂಡದ ರೋಗವಿದ್ದವರು ಎಳನೀರಿನ ಪೊಟ್ಯಾಸಿಯಂ ಬಗೆಗೆ ಎಚ್ಚರದಿಂದಿರಬೇಕೆಂಬ ಒಂದು ಮಾತನ್ನು ಬಿಟ್ಟರೆ ಅಡುಗೆಮನೆಯ ಈ ಉಪಚಾರಗಳ ವಿಷಯದಲ್ಲಿ ನನಗೆ ತಕರಾರಿಲ್ಲ. ತಕರಾರು ಪ್ರಾರಂಭವಾಗುವುದು ಅಡುಗೆಮನೆಯ ವಸ್ತು ಸಾರವಾಗಿ, ಗುಳಿಗೆಯಾಗಿ, ಸೀಸೆಯಾಗಿ ಅಂಗಡಿಗೆ ಬಂದಾಗ.

ಯಾವುದೇ ಮೂಲಿಕೆಯ ಬಗೆಗೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ಇದು ಗುಣ ಕೊಡುತ್ತದೆಯೇ? ಇದರಿಂದ ಕೆಡುಕಾಗುತ್ತದೆಯೇ? ನಾವು ಸಾಮಾನ್ಯವಾಗಿ ಎರಡನ್ನೂ ಕಲಸಿ, 'ಗಿಡದ್ದಲ್ಲವೇ, ಗುಣವಾಗದಿದ್ದರೂ ಕೆಡುಕಾಗದು' ಎಂದು ಒಂದೇ ಉತ್ತರ ಕೊಟ್ಟುಕೊಳ್ಳುತ್ತೇವೆ.

ಮೊದಲನೆಯ ಪ್ರಶ್ನೆಗೆ ಅಗಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಧಾರವಾಡ, ವಿಜಯಪುರಗಳ ಕಡೆ ರೊಟ್ಟಿಯ ಜೊತೆಗೆ ಅಗಸೆಯ ಚಟ್ನಿಪುಡಿ ಇಲ್ಲದ ಮನೆ ಅಪರೂಪ. ಅಗಸೆಯಲ್ಲಿ ಲಿಗ್ನಾನ್ ಎಂಬ ವಸ್ತುಗಳಿವೆ. ಅವು ದೇಹದಲ್ಲಿ ಮಾರ್ಪಟ್ಟು ಈಸ್ಟ್ರೊಜೆನ್ನಿನಂತೆ ಬಲು ದುರ್ಬಲವಾಗಿ ವರ್ತಿಸಬಲ್ಲವು. ಒಂದು ಚಿಕ್ಕ ಪ್ರಾರಂಭಿಕ ಪ್ರಯೋಗದಲ್ಲಿ ಅಗಸೆ ತಿಂದವರ ಝಳ ಚೆನ್ನಾಗಿ ಇಳಿದಂತೆ ಕಂಡಿತು. ಆಮೇಲೆ ಅಮೆರಿಕದ ಮೇಯೋ ಕ್ಲಿನಿಕ್ಕಿನ ಸಂಶೋಧಕರು 188 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಗಸೆ ಸೇರಿಸಿದ ಬಿಲ್ಲೆ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಅಗಸೆಯಿಲ್ಲದ ಬಿಲ್ಲೆ, ಹೀಗೆ ಆರು ವಾರ ತಿನ್ನಿಸಿದರು. ಯಾರಿಗೆ ಯಾವುದೆಂಬುದು ತಿಂದವರಿಗೂ ಗೊತ್ತಿರಲಿಲ್ಲ, ಕೊಟ್ಟವರಿಗೂ ಗೊತ್ತಿರಲಿಲ್ಲ. 2012ರಲ್ಲಿ ಅಚ್ಚಾದ ಫಲಿತಾಂಶ ಹೀಗಿತ್ತು: ಅಗಸೆ ತಿಂದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಝಳ ಅರ್ಧಕ್ಕೆ ಇಳಿದಿತ್ತು, ಅಗಸೆಯಿಲ್ಲದ ಬಿಲ್ಲೆ ತಿಂದವರಲ್ಲಿಯೂ ಅಷ್ಟೇ ಮಂದಿಗೆ ಅಷ್ಟೇ ಇಳಿದಿತ್ತು.

ಈ ಫಲಿತಾಂಶವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಅಗಸೆ ತಿಂದ ಮೂವರಲ್ಲಿ ಒಬ್ಬಳು ನಿಜವಾಗಿಯೂ ಸುಧಾರಿಸಿದಳು. ಅವಳು ನೆರೆಯವಳಿಗೆ, ತಂಗಿಗೆ, ಬೀಗಿತ್ತಿಗೆ 'ಅಗಸೆಯಿಂದ ನನಗೆ ಗುಣವಾಯಿತು' ಎಂದು ಹೇಳಿದರೆ ಅದು ಸುಳ್ಳೇನೂ ಅಲ್ಲ. ಝಳದ ಗುಣವೇ ಹೀಗೆ ಏರುವುದು, ಇಳಿಯುವುದು. ಅತಿಯಾದ ದಿನಗಳಲ್ಲಿಯೇ ನಾವು ಔಷಧಿ ಪ್ರಾರಂಭಿಸುತ್ತೇವೆ. ಆಮೇಲೆ ಇಳಿದರೆ ಕೀರ್ತಿ ಔಷಧಿಗೆ. ಇದರ ಜೊತೆಗೆ ಏನೋ ಮಾಡುತ್ತಿದ್ದೇನೆಂಬ ಸಮಾಧಾನ, ತನ್ನ ಕಷ್ಟವನ್ನು ಒಬ್ಬರು ಕೇಳಿದರೆಂಬ ನೆಮ್ಮದಿ. ಹುಸಿ ಗುಳಿಗೆಯಿಂದಲೂ ಗಣನೀಯವಾಗಿ ಇಳಿಯುವ ತೊಂದರೆಗಳಲ್ಲಿ ಝಳ ಮುಖ್ಯವಾದದ್ದು. ಹೀಗಿರುವಾಗ 'ಹತ್ತು ಮಂದಿಗೆ ಗುಣವಾಗಿದೆ' ಎಂಬ ಸಾಕ್ಷ್ಯದಿಂದ ಮೂಲಿಕೆಯ ಶಕ್ತಿಯನ್ನು ಅಳೆಯಲಾಗದು. ಅಗಸೆಯ ಚಟ್ನಿಪುಡಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೊಬ್ಬಿನಾಮ್ಲ, ನಾರು ಎಲ್ಲ ಇರುವ ಒಳ್ಳೆಯ ಆಹಾರ ಅದು. ರುಚಿಗಾಗಿ ತಿನ್ನಿ.

ಸೋಯಾದ ಕಥೆಯೂ ಹೆಚ್ಚು ಕಡಿಮೆ ಇದೇ. ಜಪಾನಿನ ಸ್ತ್ರೀಯರಿಗೆ ಝಳ ಕಡಿಮೆ, ಅವರು ಸೋಯಾ ಹೆಚ್ಚು ತಿನ್ನುತ್ತಾರೆ, ಆದ್ದರಿಂದ ಸೋಯಾವೇ ಮದ್ದು ಎಂಬ ವಾದ ಹುಟ್ಟಿತು. ಸೋಯಾದ ಐಸೊಫ್ಲೇವೋನನ್ನು ಈಕ್ವಾಲ್ ಎಂಬ ಹೆಚ್ಚು ಪರಿಣಾಮಕಾರಿ ವಸ್ತುವಾಗಿ ಮಾರ್ಪಡಿಸಲು ಕರುಳಿನಲ್ಲಿ ತಕ್ಕ ಸೂಕ್ಷ್ಮಜೀವಿಗಳು ಬೇಕು. ಅವು ಜಪಾನಿನಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಇವೆ, ಪಾಶ್ಚಾತ್ಯರಲ್ಲಿ ಇನ್ನೂ ಕಡಿಮೆ ಮಂದಿಯಲ್ಲಿ. ಪ್ರಯೋಗಗಳ ಫಲ ಒಂದಕ್ಕೊಂದು ಹೊಂದದೆ ಉಳಿದಿದೆ. ಚೀನದ ಡಾಂಗ್ ಕ್ವಾಯ್ ಬೇರು, ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ, ಇವೆರಡೂ ಹುಸಿ ಔಷಧಿಯೊಡನೆ ಹೋಲಿಸಿದ ಪರೀಕ್ಷೆಗಳಲ್ಲಿ ಸೋತಿವೆ. ಇವುಗಳ ಬಗೆಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಜಗತ್ತಿನಲ್ಲಿ ಝಳಕ್ಕೆಂದು ಅತ್ಯಂತ ಹೆಸರಾದ ಮೂಲಿಕೆ ನಮ್ಮ ನಾಡಿನದಲ್ಲ. ಅದು ಉತ್ತರ ಅಮೆರಿಕದ ಕಾಡುಗಳಲ್ಲಿ ಬೆಳೆಯುವ ಬ್ಲ್ಯಾಕ್ ಕೊಹಾಶ್. ಅಲ್ಲಿನ ಮೂಲನಿವಾಸಿಗಳು ಬಳಸುತ್ತಿದ್ದ ಈ ಕಪ್ಪು ಬೇರಿನ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯ ಇದೆ. 1875ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬ ಊರಿನಲ್ಲಿ ಲಿಡಿಯಾ ಪಿಂಕಮ್ ಎಂಬ ಗೃಹಿಣಿಯ ಕುಟುಂಬ, ಆಕೆ ಮನೆಯ ಒಲೆಯ ಮೇಲೆ ಕಾಯಿಸುತ್ತಿದ್ದ ಕಷಾಯವನ್ನು ಸೀಸೆಗಳಲ್ಲಿ ತುಂಬಿ ಮಾರಲು ತೊಡಗಿತು. ಅದರಲ್ಲಿ ಬ್ಲ್ಯಾಕ್ ಕೊಹಾಶ್ ಇತ್ತು, ನಮ್ಮ ಮೆಂತ್ಯವೂ ಇತ್ತು, ಕೆಡದಿರಲೆಂದು ನೂರಕ್ಕೆ ಹದಿನೆಂಟರಷ್ಟು ಮದ್ಯಸಾರವೂ ಇತ್ತು. ಮದ್ಯಪಾನ ವಿರೋಧಿಗಳಾದ ಸಭ್ಯ ಗೃಹಿಣಿಯರೂ ಅದನ್ನು ನಿಶ್ಚಿಂತೆಯಿಂದ ಕುಡಿದರು! ಸೀಸೆಯ ಮೇಲೆ ಲಿಡಿಯಾಳ ಸೌಮ್ಯವಾದ ಚಿತ್ರ. ಗಂಡಸು ವೈದ್ಯರಿಗೆ ಹೇಳಲಾಗದ್ದನ್ನು ನನಗೆ ಬರೆಯಿರಿ ಎಂಬ ಆಹ್ವಾನ. ಸಾವಿರಾರು ಹೆಂಗಸರು ಬರೆದರು, ಉತ್ತರಗಳೂ ಬಂದವು. 1905ರಲ್ಲಿ ಒಂದು ಮಹಿಳಾ ಪತ್ರಿಕೆ ಲಿಡಿಯಾಳ ಗೋರಿಕಲ್ಲಿನ ಛಾಯಾಚಿತ್ರವನ್ನು ಅಚ್ಚು ಹಾಕಿತು. ಆಕೆ 1883ರಲ್ಲಿಯೇ ತೀರಿಕೊಂಡಿದ್ದಳು. ಕಂಪೆನಿಯ ಕಚೇರಿಯವರು ಅಷ್ಟು ಕಾಲವೂ ಆಕೆಯ ಹೆಸರಿನಲ್ಲಿ ಬಂದ ಕಾಗದಗಳಿಗೆ ಉತ್ತರ ಬರೆಯುತ್ತಿದ್ದರು. ಈ ಮೋಸವನ್ನು ನಾವು ಖಂಡಿಸಬಹುದು. ಆದರೆ ಆ ಕಾಗದಗಳು ಬಂದದ್ದೇಕೆಂಬ ಪ್ರಶ್ನೆ ನನ್ನಂಥ ವೈದ್ಯರು ಕೇಳಿಕೊಳ್ಳಬೇಕಾದದ್ದು. ಅಂದಹಾಗೆ, ಆ ಮೊದಲ ಕಷಾಯದಲ್ಲಿ 'ಜೀವದ ಬೇರು' ಎಂಬ ಅರ್ಥದ ಹೆಸರಿನ ಇನ್ನೊಂದು ಮೂಲಿಕೆಯೂ ಇತ್ತು. ಯಕೃತ್ತಿಗೆ ಮಾರಕವಾದ ಆಲ್ಕಲಾಯ್ಡುಗಳು ಆ ಜಾತಿಯ ಗಿಡಗಳಲ್ಲಿ ಇರುವುದು ಇಂದು ಎಲ್ಲರೂ ಬಲ್ಲ ವಿಷಯ. ಹೆಸರು ಮಾತ್ರ ಜೀವದ ಬೇರು.

ಬ್ಲ್ಯಾಕ್ ಕೊಹಾಶ್ ಮೇಲೆ ಪರೀಕ್ಷೆಗಳು ಬೇಕಾದಷ್ಟು ನಡೆದಿವೆ. ಅವುಗಳಲ್ಲಿ ಎಚ್ಚರಿಕೆಯಿಂದ ನಡೆದ ಒಂದು 2006ರಲ್ಲಿ ಪ್ರಕಟವಾಯಿತು. 351 ಸ್ತ್ರೀಯರು, ಒಂದು ವರ್ಷದ ಅವಧಿ. ಕೆಲವರಿಗೆ ಬರಿಯ ಬ್ಲ್ಯಾಕ್ ಕೊಹಾಶ್, ಕೆಲವರಿಗೆ ಹಲವು ಮೂಲಿಕೆಗಳ ಮಿಶ್ರಣ, ಕೆಲವರಿಗೆ ಹಾರ್ಮೋನು, ಕೆಲವರಿಗೆ ಹುಸಿ ಗುಳಿಗೆ. ಹಾರ್ಮೋನು ಪಡೆದವರ ಝಳ ಸ್ಪಷ್ಟವಾಗಿ ಇಳಿಯಿತು. ಮೂಲಿಕೆ ಪಡೆದವರಿಗೂ ಹುಸಿ ಗುಳಿಗೆ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆಯೂ ಇದರ ಪರವಾಗಿ ಸಾಕಷ್ಟು ಪುರಾವೆ ಇಲ್ಲವೆಂದೇ ಹೇಳಿತು. ಇಷ್ಟರಲ್ಲಿ ಬ್ಲ್ಯಾಕ್ ಕೊಹಾಶ್ ಸೇವಿಸಿದ ಕೆಲವರಿಗೆ ಕಾಮಾಲೆ ಬಂದು ಯಕೃತ್ತು ಕೆಟ್ಟ ವರದಿಗಳು ಬಂದವು. 2006ರಲ್ಲಿ ಆಸ್ಟ್ರೇಲಿಯ, ಬ್ರಿಟನ್ ದೇಶಗಳ ಔಷಧ ನಿಯಂತ್ರಕರು ಸೀಸೆಯ ಮೇಲೆ ಎಚ್ಚರಿಕೆ ಮುದ್ರಿಸಲು ಆಜ್ಞೆ ಮಾಡಿದರು. ಇಂಥ ಪ್ರಕರಣಗಳು ವಿರಳ, ಅದನ್ನು ಒಪ್ಪಲೇಬೇಕು. ಆದರೆ ಕೆಡುಕು ಆ ಬೇರಿನದೋ, ಅದರ ಹೆಸರಿನಲ್ಲಿ ಬೆರೆಸಿದ ಬೇರೆ ಬೇರಿನದೋ ಎಂಬುದೇ ಹಲವು ಸಲ ಇತ್ಯರ್ಥವಾಗಲಿಲ್ಲ. ಏಕೆಂದರೆ ಏಷ್ಯದ ಅಗ್ಗದ ಸೋದರ ಜಾತಿಗಳನ್ನು ಅದರ ಹೆಸರಿನಲ್ಲಿ ಮಾರುತ್ತಿದ್ದುದು ಪರೀಕ್ಷೆಗಳಲ್ಲಿ ಹೊರಬಿದ್ದಿತ್ತು.

ಈಗ ನಮ್ಮವೇ ಆದ ಮೂಲಿಕೆಗಳಿಗೆ ಬರೋಣ. ಶತಾವರಿಗೆ ಕನ್ನಡದಲ್ಲಿ 'ಹಲವು ಮಕ್ಕಳ ತಾಯಿ ಬೇರು' ಎಂಬ ಸೊಗಸಾದ ಹೆಸರಿದೆ. ನೆಲವನ್ನು ಅಗೆದಾಗ ಒಂದೇ ಬುಡಕ್ಕೆ ಅಂಟಿಕೊಂಡ ಹತ್ತಾರು ಗಡ್ಡೆಗಳನ್ನು ಕಂಡವರಿಗೆ ಈ ಹೆಸರಿನ ಔಚಿತ್ಯ ತಿಳಿಯುತ್ತದೆ. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಕೊಡುವುದು ಹಳೆಯ ವಾಡಿಕೆ. ಝಳದ ವಿಷಯದಲ್ಲಿ ನಡೆದ ಪರೀಕ್ಷೆಗಳು ಚಿಕ್ಕವು, ಕೆಲವೇ ವಾರಗಳವು. ಆಸೆ ಹುಟ್ಟಿಸುವಷ್ಟಿವೆ, ನಿರ್ಧರಿಸುವಷ್ಟಿಲ್ಲ. ಸ್ತನದ ಕ್ಯಾನ್ಸರಿನಿಂದ ಗುಣಹೊಂದಿ ಅದರ ಗುಳಿಗೆಗಳನ್ನು ಇನ್ನೂ ಸೇವಿಸುತ್ತಿರುವವರು ಮಾತ್ರ, ಶತಾವರಿಯಾಗಲಿ ಸೋಯಾ ಗುಳಿಗೆಯಾಗಲಿ, ಈಸ್ಟ್ರೊಜೆನ್ನಿನ ಛಾಯೆ ಇರಬಹುದಾದ ಯಾವುದನ್ನೂ ತಮ್ಮ ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು.

ಅಶ್ವಗಂಧದ, ಅಂದರೆ ಹಿರೇಮದ್ದಿನ ಬೇರಿನ ಪ್ರಸಿದ್ಧಿ ಈಚೆಗೆ ಬಹಳ ಹೆಚ್ಚಿದೆ. ಋತುನಿವೃತ್ತಿಯ ಹೊಸ್ತಿಲಲ್ಲಿದ್ದ ಸುಮಾರು ನೂರು ಭಾರತೀಯ ಸ್ತ್ರೀಯರ ಮೇಲೆ ಎಂಟು ವಾರ ನಡೆಸಿ 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಅದು ಹುಸಿ ಗುಳಿಗೆಗಿಂತ ಮೇಲೆಂದು ಕಂಡಿತು. ಎಂಟು ವಾರದ ಪ್ರಯೋಗ ಗುಣದ ಒಂದು ಸುಳಿವನ್ನು ಕೊಡಬಹುದು. ವರ್ಷಗಟ್ಟಲೆ ಸೇವಿಸಿದರೆ ಏನಾಗುತ್ತದೆಂಬುದನ್ನು ಅದು ಹೇಳಲಾರದು. 2020ರಿಂದೀಚೆಗೆ ಹಲವು ದೇಶಗಳ ವೈದ್ಯರು ಅಶ್ವಗಂಧದ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ವರದಿ ಮಾಡಿದ್ದಾರೆ. 2023ರಲ್ಲಿ ಡೆನ್ಮಾರ್ಕ್ ಅದರ ಮಾರಾಟವನ್ನೇ ನಿಷೇಧಿಸಿತು. ನಿಷೇಧ ಅತಿಯಾಯಿತೆಂದು ನಮ್ಮ ಆಯುರ್ವೇದ ತಜ್ಞರು ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನಲವತ್ತೈದು ದಾಟಿದ ಎಷ್ಟೋ ಹೆಂಗಸರು ಬೆಳಿಗ್ಗೆ ಎದ್ದು ಬರಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುವವರೇ. ಎರಡೂ ಸೇರಿದಾಗ ಎದೆಬಡಿತ, ಬೆವರು, ನಿದ್ರಾಹೀನತೆ ಉಂಟಾಗಬಹುದು. ಅಂದರೆ ಯಾವ ಝಳವನ್ನು ಕಳೆಯಲು ಹೊರಟರೋ ಅದೇ ಇನ್ನೊಂದು ವೇಷದಲ್ಲಿ ಬರುತ್ತದೆ.

ಅತಿಮಧುರವನ್ನು, ಅಂದರೆ ಜ್ಯೇಷ್ಠಮಧುವನ್ನು, ಕೆಮ್ಮಿಗೆ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಯಾರಿಗೂ ಏನೂ ಆಗದು. ಅದನ್ನೇ ದಿನವೂ ಚಮಚಗಟ್ಟಲೆ ತಿಂಗಳುಗಳ ಕಾಲ ಸೇವಿಸಿದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಸಿಹಿಯಾದ ವಸ್ತು ದೇಹದ ಪೊಟ್ಯಾಸಿಯಂ ಇಳಿಸಿ ರಕ್ತದ ಒತ್ತಡವನ್ನು ಏರಿಸುತ್ತದೆ. ಒತ್ತಡದ ಗುಳಿಗೆ ನುಂಗುತ್ತಿದ್ದರೂ ಒತ್ತಡ ಇಳಿಯುತ್ತಿಲ್ಲವೆಂದು ಬರುವವರನ್ನು ನಾನು ಈಗ ಉಪ್ಪಿನಕಾಯಿ, ಹಪ್ಪಳಗಳ ಬಗೆಗೆ ಕೇಳುವುದರ ಜೊತೆಗೆ ಪುಡಿಗಳ ಬಗೆಗೂ ಕೇಳುತ್ತೇನೆ.

ಅಶೋಕದ ತೊಗಟೆಯ ವಿಷಯ ಇವೆಲ್ಲಕ್ಕಿಂತ ಗಂಭೀರವಾದದ್ದು. ಅದನ್ನು ಹೇಳಿರುವುದು ಝಳಕ್ಕಲ್ಲ, ಅತಿರಕ್ತಸ್ರಾವಕ್ಕೆ. ಆದರೆ 'ಹೆಂಗಸರ ಟಾನಿಕ್ಕು' ಎಂಬ ಒಟ್ಟು ಹೆಸರಿನ ಅಡಿಯಲ್ಲಿ ಎರಡೂ ಒಂದಾಗಿಬಿಟ್ಟಿವೆ. ಸೀತೆ ಕುಳಿತಳೆಂದು ನಾವು ಪೂಜ್ಯವಾಗಿ ಕಾಣುವ ನಿಜವಾದ ಅಶೋಕ ಪಶ್ಚಿಮಘಟ್ಟಗಳಲ್ಲಿ ಅಪರೂಪವಾಗುತ್ತ ಬಂದಿದೆ. ಕಾಂಪೌಂಡಿನ ಬದಿಗೆ ಸಾಲಾಗಿ ನೆಡುವ ಎತ್ತರದ ಕಂಬದ ಅಶೋಕ ಬೇರೆಯೇ ಕುಟುಂಬದ ಮರ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಮಾರುಕಟ್ಟೆಯಿಂದ ತಂದ ಅಶೋಕದ ತೊಗಟೆಯನ್ನು ವಂಶವಾಹಿಯ ಪರೀಕ್ಷೆಗೆ ಒಳಪಡಿಸಿದಾಗ ಹೆಚ್ಚಿನ ಮಾದರಿಗಳು ಅಶೋಕವೇ ಆಗಿರಲಿಲ್ಲ. ಗ್ರಂಥದಲ್ಲಿ ಹೇಳಿದ ಗುಣ ಅಶೋಕಕ್ಕೆ ಇದ್ದರೂ ಸೀಸೆಯಲ್ಲಿ ಅಶೋಕ ಇಲ್ಲದಿದ್ದರೆ ಆ ಗುಣ ಎಲ್ಲಿಂದ ಬರಬೇಕು?

ಇದರ ಮೇಲೆ ಲೋಹಗಳ ಪ್ರಶ್ನೆ. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಭಾರತೀಯ ಅಂಗಡಿಗಳಿಂದ ಕೊಂಡ ಎಪ್ಪತ್ತು ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಹದಿನಾಲ್ಕರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದವು. ನಾಲ್ಕು ವರ್ಷಗಳ ಅನಂತರ ಇನ್ನಷ್ಟು ದೊಡ್ಡ ಪರೀಕ್ಷೆಯಲ್ಲಿಯೂ ಐದರಲ್ಲಿ ಒಂದೆಂಬ ಪ್ರಮಾಣವೇ ಉಳಿಯಿತು. ರಸೌಷಧಿಗಳಲ್ಲಿ ಲೋಹವನ್ನು ಶುದ್ಧಿಮಾಡಿ ಬೇಕೆಂದೇ ಸೇರಿಸುತ್ತಾರೆಂಬ ಸಮಾಧಾನ ಉಂಟು. ಆದರೆ ಕೊಳ್ಳುವ ಹೆಣ್ಣುಮಗಳಿಗೆ ಅದು ರಸೌಷಧಿಯೋ ಬರಿಯ ಬೇರಿನ ಪುಡಿಯೋ ಎಂದು ತಿಳಿಯುವುದು ಹೇಗೆ? 2006ರಿಂದ ಪರದೇಶಕ್ಕೆ ರಫ್ತಾಗುವ ಮೂಲಿಕೆಯ ಔಷಧಿಗಳಿಗೆ ಲೋಹಪರೀಕ್ಷೆಯನ್ನು ನಮ್ಮ ಸರ್ಕಾರ ಕಡ್ಡಾಯ ಮಾಡಿತು. ಪರದೇಶದವರ ಯಕೃತ್ತು, ಮೂತ್ರಪಿಂಡಗಳ ಬಗೆಗೆ ಮೊದಲು ಕಾಳಜಿ ಹುಟ್ಟಿತೆಂದು ಯಾರಾದರೂ ಕೊಂಕು ನುಡಿದರೆ ನಾನು ತಡೆಯಲಾರೆ.

ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಮೂರನೆಯ ಕಲಮು ಸ್ತ್ರೀಯರ ಮುಟ್ಟಿನ ದೋಷವನ್ನು ಸರಿಪಡಿಸುವುದಾಗಿ ಔಷಧಿಯ ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ. ಗೋಡೆಗಳ ಮೇಲೂ ದೂರದರ್ಶಕದಲ್ಲಿಯೂ ಕೈಯೊಳಗಿನ ಮೊಬೈಲಿನಲ್ಲಿಯೂ ಆ ಕಲಮಿನ ಗತಿ ಏನಾಗಿದೆಯೆಂಬುದನ್ನು ತಾವೇ ನೋಡುತ್ತಿದ್ದೀರಿ. ಇನ್ನೊಂದು ಸಂಗತಿ: ಪ್ರಾಚೀನ ಗ್ರಂಥಗಳಲ್ಲಿ ಹೇಳಿದಂತೆಯೇ ತಯಾರಿಸಿದ ಔಷಧಿಗೆ ಪರವಾನಗಿ ಪಡೆಯಲು, 2010ರ ನಿಯಮದ ಪ್ರಕಾರ, ಸುರಕ್ಷತೆಯ ಹೊಸ ಪರೀಕ್ಷೆ ಬೇಕಿಲ್ಲ, ಗ್ರಂಥದ ಆಧಾರ ಸಾಕು. ಗ್ರಂಥ ಬರೆದವರ ಕಾಲದಲ್ಲಿ ಆ ಔಷಧಿಯನ್ನು ಸೇವಿಸಿದ ಹೆಣ್ಣು ರಕ್ತದ ಒತ್ತಡಕ್ಕೊಂದು, ಸಕ್ಕರೆಗೊಂದು, ಥೈರಾಯ್ಡಿಗೊಂದು ಗುಳಿಗೆ ನುಂಗುತ್ತಿರಲಿಲ್ಲ. ಎಳವೆಯಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟು, ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವ ಸ್ತ್ರೀಯರು ನಮ್ಮ ದೇಶದಲ್ಲಿ ಬಹಳ ಮಂದಿ. ಅಂಥವರಿಗೆ ಡಾಂಗ್ ಕ್ವಾಯ್ ಬೇರು ರಕ್ತವನ್ನು ಅತಿಯಾಗಿ ತೆಳ್ಳಗಾಗಿಸಬಹುದು; ಮನಸ್ಸಿನ ಕುಗ್ಗಿಗೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ವಿಲಾಯತಿ ಮೂಲಿಕೆ ಇದಕ್ಕೆ ವಿರುದ್ಧವಾಗಿ ಆ ಔಷಧಿಯ ಬಲವನ್ನೇ ಕುಂದಿಸಬಹುದು. ಎರಡೂ ಪ್ರಾಣಕ್ಕೆ ಸಂಬಂಧಪಟ್ಟ ಮಾತು.

ಇದಕ್ಕಿಂತ ದೊಡ್ಡ ಅಪಾಯ ಮೂಲಿಕೆಯೊಳಗೆ ಇರುವುದಿಲ್ಲ. ಮೂಲಿಕೆ ಕೊಡುವ ಸಮಾಧಾನದಲ್ಲಿ ಇರುತ್ತದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಕಲೆಯಾದರೂ ಸರಿ, ಪರೀಕ್ಷೆ ಆಗಲೇಬೇಕು. ಬಹುಪಾಲು ಸಂದರ್ಭಗಳಲ್ಲಿ ಕಾರಣ ಸಣ್ಣದಿರುತ್ತದೆ. ಕೆಲವರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಚಿಹ್ನೆ. ಆ ಹಂತದಲ್ಲಿ ಹಿಡಿದರೆ ಗುಣಪಡಿಸಬಹುದಾದ ರೋಗ ಅದು. 'ನಿಲ್ಲುವ ಕಾಲದಲ್ಲಿ ಹೀಗೆಲ್ಲ ಆಗುತ್ತದಂತೆ' ಎಂದು ಅತ್ತಿಗೆಯೋ ಓರಗಿತ್ತಿಯೋ ಹೇಳಿದ್ದನ್ನು ನಂಬಿ, ಒಂದಾದ ಮೇಲೊಂದು ಅರಿಷ್ಟದ ಸೀಸೆ ಮುಗಿಸಿ, ಎರಡು ವರ್ಷ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ಅವರು ಬುದ್ಧಿಯಿಲ್ಲದವರಲ್ಲ. ಅವರಲ್ಲೊಬ್ಬರು ಶಾಲಾ ಉಪಾಧ್ಯಾಯಿನಿ. ಅಂತೆಯೇ ಇರುಳು ಬೆವರುವುದೆಲ್ಲ ಋತುನಿವೃತ್ತಿಯೇ ಆಗಿರಬೇಕಿಲ್ಲ. ತೂಕ ಇಳಿಯುತ್ತ ಸಂಜೆಯ ಜ್ವರದೊಡನೆ ಬರುವ ಬೆವರು ಕ್ಷಯದ್ದಾಗಿರಬಹುದು. ಕೈನಡುಕ, ಎದೆಬಡಿತಗಳೊಡನೆ ಬರುವುದು ಥೈರಾಯ್ಡಿನದಾಗಿರಬಹುದು. ಸಕ್ಕರೆ ರೋಗದ ಗುಳಿಗೆ ತಿನ್ನುವವರಲ್ಲಿ ರಕ್ತದ ಸಕ್ಕರೆ ಇಳಿದಾಗಲೂ ಬೆವರು ಹರಿಯುತ್ತದೆ.

ಹಾಗಾದರೆ ಝಳಕ್ಕೆ ಮದ್ದೇ ಇಲ್ಲವೇ ಎಂದರೆ, ಇದೆ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಈಸ್ಟ್ರೊಜೆನ್ ಹಾರ್ಮೋನೇ. 2002ರ ಜುಲೈ ತಿಂಗಳಲ್ಲಿ ಅಮೆರಿಕದ ಒಂದು ಬೃಹತ್ ಪ್ರಯೋಗವನ್ನು, ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಗಳು ಹೆಚ್ಚಿದವೆಂದು ಅರ್ಧದಲ್ಲಿಯೇ ನಿಲ್ಲಿಸಿದರು. ಲಕ್ಷಾಂತರ ಹೆಂಗಸರು ಹೆದರಿ ಹಾರ್ಮೋನು ಬಿಟ್ಟು ಮೂಲಿಕೆಗಳ ಕಡೆ ತಿರುಗಿದ್ದು ಆಗಲೇ. ಆದರೆ ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು ಅರವತ್ತಮೂರು. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ತುಂಬದವರಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಪ್ರಯೋಜನ ಅಪಾಯಕ್ಕಿಂತ ಹೆಚ್ಚೆಂಬುದು ಮುಂದಿನ ವಿಶ್ಲೇಷಣೆಗಳಿಂದ ಮೂಡಿದ ಅಭಿಪ್ರಾಯ. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ, ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದವರಿಗೆ, ಕಾರಣ ತಿಳಿಯದ ಸ್ರಾವವಿರುವವರಿಗೆ ಅದು ಸಲ್ಲದು. ಅಂಥವರಿಗೆ ಹಾರ್ಮೋನಲ್ಲದ ಗುಳಿಗೆಗಳುಂಟು; ಮನಶ್ಶಾಸ್ತ್ರಜ್ಞರು ಕಲಿಸುವ ಆಲೋಚನಾ ಅಭ್ಯಾಸಗಳಿಂದಲೂ ಝಳದ ಬಾಧೆ ತಗ್ಗುತ್ತದೆ; ತೂಕ ಹೆಚ್ಚಿದ್ದವರಿಗೆ ತೂ�ಕ ಇಳಿಸುವುದೂ ನೆರವಾಗುತ್ತದೆ. ಮಿದುಳಿನಲ್ಲಿ ಹತೋಟಿ ತಪ್ಪಿದ ನರಕೋಶಗಳನ್ನೇ ಗುರಿಯಾಗಿಟ್ಟ ಫೆಜೊಲಿನೆಟಂಟ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮರುವರ್ಷವೇ, ಯಕೃತ್ತಿಗೆ ಹಾನಿಯಾದ ಪ್ರಕರಣವೊಂದು ವರದಿಯಾದ ಮೇಲೆ, ಅದರ ಮೇಲೆ ಅತಿ ಕಟುವಾದ ಎಚ್ಚರಿಕೆಯನ್ನು ಮುದ್ರಿಸುವಂತೆ ಆಜ್ಞೆಯಾಯಿತು. ಸೇವಿಸುವವರು ಇಂತಿಷ್ಟು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ನಿಗದಿಯಾಯಿತು. ಕಾರ್ಖಾನೆಯ ಗುಳಿಗೆ ಯಕೃತ್ತನ್ನು ಕೆಡಿಸಬಲ್ಲದು, ಕಾಡಿನ ಬೇರೂ ಕೆಡಿಸಬಲ್ಲದು. ಗುಳಿಗೆ ಕೆಡಿಸಿದಾಗ ಅದನ್ನು ಲೆಕ್ಕವಿಡುವವರು, ಎಚ್ಚರಿಸುವವರು, ರಕ್ತ ಪರೀಕ್ಷಿಸುವವರು ಇದ್ದಾರೆ. ಬೇರು ಕೆಡಿಸಿದಾಗ 'ಕಾಮಾಲೆಯಾಗಿತ್ತಂತೆ' ಎಂದು ನೆರೆಹೊರೆಯಲ್ಲಿ ಮಾತಾಗುತ್ತದೆ, ಅಷ್ಟೆ. ಆಯುಷ್ ಔಷಧಿಗಳ ದುಷ್ಪರಿಣಾಮಗಳನ್ನು ದಾಖಲಿಸುವ ವ್ಯವಸ್ಥೆ ನಮ್ಮಲ್ಲಿಯೂ ಇದೆ. ಆದರೆ ರೋಗಿ ಹೇಳದಿದ್ದರೆ, ವೈದ್ಯರು ಕೇಳದಿದ್ದರೆ, ದಾಖಲೆಗೆ ಬರುವುದೇನು?

ಕೇಳದಿರುವುದರಲ್ಲಿ ನನ್ನ ವೃತ್ತಿಬಾಂಧವರ ಪಾಲು ದೊಡ್ಡದು. 'ಆ ಕಸವನ್ನೆಲ್ಲ ಯಾಕಮ್ಮ ತಿನ್ನುತ್ತೀಯ' ಎಂದು ಒಮ್ಮೆ ಗದರಿಸಿಕೊಂಡ ಹೆಣ್ಣು ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಆದ್ದರಿಂದ ತಾವೇ ಮುಂದಾಗಿ ಹೇಳಬೇಕೆಂದು ಬೇಡುತ್ತೇನೆ. ಹೆಸರು ನೆನಪಿರದಿದ್ದರೆ ಪೊಟ್ಟಣವನ್ನೋ ಸೀಸೆಯನ್ನೋ ಚೀಲದಲ್ಲಿ ಹಾಕಿಕೊಂಡು ಹೋಗಿ. ಪರಿಚಿತ ವೈದ್ಯರು ಕಟ್ಟಿಕೊಟ್ಟ ಚೂರ್ಣವಾದರೆ ಅದರಲ್ಲಿ ಏನೇನಿದೆಯೆಂದು ಅವರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ವಿದ್ಯೆ ಬಲ್ಲ ಆಯುರ್ವೇದ ವೈದ್ಯರು ಬರೆದುಕೊಡಲು ಹಿಂಜರಿಯುವುದಿಲ್ಲ. ಸೇವನೆಯ ನಡುವೆ ಊಟ ರುಚಿಸದೆ, ಮೂತ್ರ ಕಡುಹಳದಿಯಾಗಿ, ಕಣ್ಣಿನ ಬಿಳಿ ಹಳದಿಗೆ ತಿರುಗಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಕ್ರಿಯೆ ಗೊತ್ತಾಗಿದ್ದರೆ ಎರಡು ವಾರ ಮುಂಚಿತವಾಗಿಯೇ ಮೂಲಿಕೆಗಳ ಗುಳಿಗೆ, ಸಾರಗಳನ್ನೆಲ್ಲ ಬಿಡಬೇಕು. ಬಿಟ್ಟಿರುವುದನ್ನೂ, ಬಿಡಲಾಗದಿದ್ದರೆ ಅದನ್ನೂ, ಅರಿವಳಿಕೆ ಕೊಡುವ ವೈದ್ಯರಿಗೆ ತಿಳಿಸಬೇಕು.